ಮೂತ್ರಕೋಶದ ಬಾಗಿಲಿಗೆ ಅಡ್ಡ ನಿಂತ ನಳಿಗೆ

ಸೀಸದ ಏಪ್ರನ್ ಹೆಗಲನ್ನು ಜಗ್ಗುತ್ತಿದೆ. ಆಪರೇಷನ್ ಥಿಯೇಟರಿನ ಎಸಿಗೆ ಬೆರಳು ತಣ್ಣಗಾದರೂ ನಿಮ್ಮ ಬೆನ್ನು ಬೆವರುತ್ತಿದೆ. ಎದುರಿಗೆ ಎರಡು ಪರದೆ. ಒಂದರಲ್ಲಿ ಮೂತ್ರನಾಳದ ಗುಲಾಬಿ ಗೋಡೆ, ಇನ್ನೊಂದರಲ್ಲಿ ಸಿ-ಆರ್ಮ್ ಎಕ್ಸ್‌ರೇಯ ಬೂದುಬಣ್ಣದ ಚಿತ್ರ. ಮೇಜಿನ ಮೇಲೆ ಮಲಗಿರುವ ಲಾರಿ ಚಾಲಕನಿಗೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ಸೊಂಟದ ಕೆಳಗೆ ಮರಗಟ್ಟಿದೆ, ಬಾಯಿ ಮಾತ್ರ ಚುರುಕಾಗಿದೆ.

“ಸಾರ್, ಕಲ್ಲು ಹೋಯ್ತಾ? ಬಾಳೆದಿಂಡಿನ ರಸ ಕುಡಿದೂ ಕುಡಿದೂ ಸಾಕಾಗಿತ್ತು.”

“ಲೇಸರ್‌ನಲ್ಲಿ ಪುಡಿಯಾಯ್ತು ಕಣಪ್ಪ. ನಾಳ ಊದಿಕೊಂಡಿದೆ, ಒಂದು ಸ್ಟೆಂಟ್ ಇಟ್ಟಿರ್ತೀವಿ. ಎರಡು ವಾರ ಬಿಟ್ಟು ಬಾ, ತೆಗೀತೀವಿ.”

ಸಿಸ್ಟರ್ ಪ್ಯಾಕೆಟ್ ಹರಿಯುತ್ತಾರೆ. 26 ಸೆಂಟಿಮೀಟರ್ ಉದ್ದ, 6 ಫ್ರೆಂಚ್ ಅಳತೆ, ಅಂದರೆ 2 ಮಿಲಿಮೀಟರ್ ದಪ್ಪದ ಮೆದು ನಳಿಗೆ. ಮೈತುಂಬ ಸಣ್ಣ ತೂತುಗಳು. ಡಾಕ್ಟರು ಅದನ್ನು ಗೈಡ್‌ವೈರಿನ ಮೇಲೆ ಪೋಣಿಸಿ ಮೇಲಕ್ಕೆ ತಳ್ಳುತ್ತಾರೆ. ತಂತಿಯನ್ನು ಹಿಂದಕ್ಕೆಳೆದ ಕೂಡಲೇ ಬೂದು ಪರದೆಯ ಮೇಲೆ ನಳಿಗೆಯ ತುದಿ ಕಿಡ್ನಿಯೊಳಗೆ ಸುರುಳಿ ಸುತ್ತಿಕೊಳ್ಳುತ್ತದೆ. ಇನ್ನಷ್ಟು ಎಳೆದಾಗ ಮೂತ್ರಕೋಶದಲ್ಲಿ ಇನ್ನೊಂದು ಸುರುಳಿ. ಇದೇ ಡಬಲ್-ಜೆ, ಅಂದರೆ ಡಿಜೆ ಸ್ಟೆಂಟ್. 1967ರ ಹೊತ್ತಿಗೆ ಬಳಕೆಗೆ ಬಂದ ನೇರ ಸಿಲಿಕೋನ್ ಕೊಳವೆಗಳು ಜಾಗ ಬಿಟ್ಟು ಜಾರುತ್ತಿದ್ದವು. 1978ರಲ್ಲಿ ಅಮೆರಿಕದ ರಾಯ್ ಫಿನ್ನಿ ಎರಡೂ ತುದಿಗೆ ಕೊಕ್ಕೆ ಕೊಟ್ಟರು. ಜಾರುವಿಕೆ ಬಹುಮಟ್ಟಿಗೆ ನಿಂತಿತು. ಇವತ್ತಿಗೂ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ ರೂಪ.

ಮಾರನೆಯ ಬೆಳಿಗ್ಗೆ ವಾರ್ಡಿಗೆ ಬನ್ನಿ. ಕ್ಯಾತಿಟರ್ ತೆಗೆದಿದ್ದಾರೆ. ಚಾಲಕ ಗೋಡೆ ಹಿಡಿದುಕೊಂಡು ಶೌಚಾಲಯದಿಂದ ಬರುತ್ತಾನೆ, ಒಂದು ಕೈ ಎಡಪಕ್ಕೆಯ ಮೇಲಿದೆ.

“ಒಂದಕ್ಕೆ ಹೋದ್ರೆ ಕೆಳಗಿಂದ ಪಕ್ಕೆವರೆಗೂ ಚುಚ್ಚಿಕೊಂಡು ಹೋಗುತ್ತೆ ಸಿಸ್ಟರ್. ಬಂದು ಮಲಗಿದ್ರೆ ಮತ್ತೆ ಬಂದ ಹಾಗಾಗುತ್ತೆ. ಕಲ್ಲೇ ವಾಸಿಯಾಗಿತ್ತೇನೋ!”

ಅವನ ದೂರು ಸುಳ್ಳಲ್ಲ. ಮೂತ್ರನಾಳ ಮೂತ್ರಕೋಶದ ಗೋಡೆಯನ್ನು ಓರೆಯಾಗಿ ತೂರಿ ಒಳಬರುತ್ತದೆ. ಕೋಶ ತುಂಬಿದಾಗ, ಹಿಂಡಿದಾಗ, ಗೋಡೆಯ ಒತ್ತಡಕ್ಕೆ ಆ ದಾರಿ ಮುಚ್ಚಿಕೊಳ್ಳುತ್ತದೆ. ಹಳೇ ಸೈಕಲ್ಲಿನ ವಾಲ್ವ್‌ಟ್ಯೂಬ್ ಇದ್ದಂತೆ. ಒಳಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಸ್ಟೆಂಟ್ ಆ ಬಾಗಿಲನ್ನು ಹಗಲೂ ರಾತ್ರಿ ತೆರೆದೇ ಇಡುತ್ತದೆ. ತಿಣುಕಿದಾಗ ಮೂತ್ರ ಕೆಳಗೂ ಇಳಿಯುತ್ತದೆ, ಕಿಡ್ನಿಯತ್ತಲೂ ಏರುತ್ತದೆ. ಕಿಡ್ನಿ ಹಿಗ್ಗಿ ಪಕ್ಕೆ ನೋಯುತ್ತದೆ. ಜೊತೆಗೆ ಕೆಳಗಿನ ಸುರುಳಿ ಕೋಶದ ತಳದ ಸೂಕ್ಷ್ಮವಾದ ತ್ರಿಕೋನ ಭಾಗವನ್ನು ಉಜ್ಜುತ್ತಿರುತ್ತದೆ. ಪದೇ ಪದೇ ಅವಸರ, ಉರಿ, ಒಮ್ಮೊಮ್ಮೆ ಕೆಂಪು ಮೂತ್ರ ಬರುವುದು ಇದರಿಂದಲೇ. 2003ರಲ್ಲಿ ಬ್ರಿಸ್ಟಲ್‌ನ ವೈದ್ಯರು ಸ್ಟೆಂಟ್ ಹಾಕಿಸಿಕೊಂಡ ರೋಗಿಗಳಿಗೆಂದೇ ಪ್ರಶ್ನಾವಳಿ ರಚಿಸಿ ಕೇಳಿದಾಗ ಹತ್ತರಲ್ಲಿ ಸುಮಾರು ಎಂಟು ಮಂದಿ ಇಂಥ ತೊಂದರೆ ಹೇಳಿಕೊಂಡರು.

ಸಂಜೆ ಡಾಕ್ಟರ ಕೋಣೆ. ಮೇಜಿನ ಮೇಲೆ ಈ ತೊಂದರೆ ತಗ್ಗಿಸಲೆಂದೇ ರೂಪಿಸಿದ ಸ್ಟೆಂಟಿನ ಎರಡು ನಮೂನೆ. ಒಂದನ್ನು ನಿಮ್ಮ ಕೈಗಿಡುತ್ತಾರೆ: “ಒತ್ತಿ ನೋಡಿ.” ಕಿಡ್ನಿಯ ಕಡೆಯದು ಗಟ್ಟಿ, ಮೂತ್ರಕೋಶದ ಕಡೆಯದು ಬೆರಳಿಗೆ ಮೆತ್ತಗೆ. ಮೆದು ಮಾಡಿದರೆ ನೋವು ಇಳಿಯಬೇಕು ಅನ್ನುವುದು ಲೆಕ್ಕ. ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಆ ಲೆಕ್ಕ ಪ್ರತಿಸಲ ಹೊಂದಿಕೆಯಾಗಿಲ್ಲ.

ಇನ್ನೊಂದರ ಕೆಳತುದಿಯಲ್ಲಿ ಒಂದು ತೆಳು ಪೊರೆ. ಕೋಶ ಹಿಂಡಿದಾಗ ಪೊರೆ ಅಮುಕಿಕೊಂಡು ದಾರಿ ಮುಚ್ಚಬೇಕು, ಮೂತ್ರ ಮೇಲೇರಬಾರದು. ಉಪಾಯ ಚೆನ್ನಾಗಿದೆ. ಆದರೆ ಮೂತ್ರದಲ್ಲಿ ಲವಣವಿದೆ. ದಿನ ಕಳೆದಂತೆ ಪೊರೆಯ ಮೇಲೂ ಕಲ್ಲು ಕೂರಬಹುದು. ಆಮೇಲೆ ಬಾಗಿಲು ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ಮೂರನೆಯದನ್ನು ಡಾಕ್ಟರು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸುತ್ತಾರೆ. ಮೇಲೆ ಸುರುಳಿ, ನಡುವೆ ಒಂದಿಷ್ಟು ನಳಿಗೆ, ಅಲ್ಲಿಂದ ಕೆಳಕ್ಕೆ ಬರೀ ಹೊಲಿಗೆ ದಾರ. ಫ್ರಾನ್ಸಿನ ಬೆನ್ವಾ ವೋಗ್ಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಉಪಾಯ ಇದು. ಬಾಗಿಲಲ್ಲಿ ನಳಿಗೆಯ ಬದಲು ದಾರ ಇದ್ದರೆ ಕದ ತಾನಾಗಿ ಮುಚ್ಚಿಕೊಳ್ಳುತ್ತದೆ, ಕೋಶಕ್ಕೂ ಉಜ್ಜುವಿಕೆ ತಪ್ಪುತ್ತದೆ. ಮಾಮೂಲಿ ಸ್ಟೆಂಟಿನಿಂದ ಇದಕ್ಕೆ ಬದಲಾದ ರೋಗಿಗಳು ನೆಮ್ಮದಿ ಕಂಡರು. “ಊತ ನಾಳದ ಕೆಳತುದಿಯಲ್ಲೇ ಇದ್ದವರಿಗೆ ಇದು ಒಗ್ಗುತ್ತೆ ಅಂತ ಹೇಳೋಕಾಗಲ್ಲ,” ಎಂದು ಡಾಕ್ಟರು ಪೆನ್ನಿನ ಕ್ಯಾಪ್ ಹಾಕುತ್ತಾರೆ. ತಾನೇ ಕರಗಿಹೋಗುವ ಸ್ಟೆಂಟುಗಳ ಪ್ರಯೋಗವೂ ನಡೆದಿದೆ. ಅಲ್ಲಿಯ ತೊಡಕು ಬೇರೆ: ಹೊತ್ತಿಗೆ ಮೊದಲೇ ಕರಗಬಾರದು, ಚೂರು ಒಳಗೆ ಉಳಿಯಲೂಬಾರದು.

ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಹಿತವಾದ ಸ್ಟೆಂಟಿನ ಗುಟ್ಟು ಅದನ್ನು ಯಾವುದರಿಂದ ಮಾಡಿದ್ದಾರೆ ಅನ್ನುವುದಕ್ಕಿಂತ, ಮೂತ್ರಕೋಶದೊಳಗೆ ಎಷ್ಟು ಕಡಿಮೆ ಇಳಿಬಿಟ್ಟಿದ್ದಾರೆ ಅನ್ನುವುದರಲ್ಲಿದೆ. ಮಾಮೂಲಿ ಸ್ಟೆಂಟಿಗೂ ಇದು ಅನ್ವಯ. ಬೇಕಾದ್ದಕ್ಕಿಂತ ಉದ್ದದ್ದು ಹಾಕಿ, ಸುರುಳಿ ಕೋಶದ ನಡುಗೆರೆ ದಾಟಿದರೆ ಕಿರಿಕಿರಿ ಹೆಚ್ಚು.

ಹೊಸ ನಮೂನೆಗಳು ನಮ್ಮ ತಾಲ್ಲೂಕು ಆಸ್ಪತ್ರೆವರೆಗೆ ಬರುವುದು ಯಾವಾಗಲೋ. ಅಲ್ಲಿಯವರೆಗೆ, ಸ್ಟೆಂಟ್ ಹಾಕಿಸಿಕೊಂಡವರು ಡಿಸ್ಚಾರ್ಜ್ ಚೀಟಿಯ ಮೇಲೆ ತೆಗೆಸುವ ತಾರೀಖು ಬರೆಸಿಕೊಂಡೇ ಮನೆಗೆ ಹೋಗಿ. ಅವಸರ, ನೋವು ತಡೆಯಲಾಗದಿದ್ದರೆ ಸಂಕೋಚ ಬಿಟ್ಟು ಹೇಳಿ, ಟಾಮ್ಸುಲೋಸಿನ್‌ನಂಥ ಮಾತ್ರೆಗಳಿವೆ. ಚಳಿಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಬನ್ನಿ. ನೋವು ಕಡಿಮೆಯಾಯಿತೆಂದು ಸ್ಟೆಂಟನ್ನು ಮಾತ್ರ ಮರೆಯಬೇಡಿ. ತಿಂಗಳುಗಟ್ಟಲೆ ಒಳಗೇ ಉಳಿದರೆ ಅದರ ಮೇಲೆಯೇ ಕಲ್ಲು ಕಟ್ಟುತ್ತದೆ.