ನಿಡೋಣಿಯ ‘ಜೇಲ್ ಮುತ್ಯಾ’

ಬೆಂಗಳೂರಿನಲ್ಲಿ ರಾತ್ರಿ ಬಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ವಿಜಯಪುರ. ಬಸ್ ಸ್ಟ್ಯಾಂಡಿನಲ್ಲಿ ಒಂದು ಚಹಾ ಕುಡಿದು ಬಬಲೇಶ್ವರ ಕಡೆಯ ಬಸ್ ಹಿಡಿದರೆ ನಮ್ಮೂರು ನಿಡೋಣಿ. ಕಳೆದ ದೀಪಾವಳಿಗೆ ಹೋದಾಗ ದ್ರಾಕ್ಷಿ ಚಾಟ್ನಿ ಮುಗಿದಿತ್ತು, ಎರೆ ಹೊಲದಲ್ಲಿ ಜೋಳ ಗೇಣುದ್ದ ಎದ್ದಿತ್ತು. ನಿಡೋಣಿಯಲ್ಲಿ ‘ನೋಡಲೇಬೇಕಾದ ಹತ್ತು ಜಾಗ’ ಅಂತ ಯಾರೂ ರೀಲ್ಸ್ ಮಾಡಿಲ್ಲ, ನಾನೂ ಮಾಡುವುದಿಲ್ಲ. ಈ ಸಲ ನಾನು ಹೋಗಿದ್ದು ಒಂದು ಟ್ರಂಕ್ ನೋಡಲು.

ಟ್ರಂಕು ನಮ್ಮ ಮುತ್ಯಾನ ಅಣ್ಣನದು. ನಾನು ಹುಟ್ಟುವ ಮೊದಲೇ ತೀರಿಕೊಂಡವರು. ಮದುವೆ ಆಗಲಿಲ್ಲ. ಊರಲ್ಲಿ ಅವರ ಹೆಸರು ‘ಜೇಲ್ ಮುತ್ಯಾ’. ಚಿಕ್ಕವನಿದ್ದಾಗ ನಾನು, ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದಿರಬೇಕು ಅಂದುಕೊಂಡಿದ್ದೆ. ಮನೆಯಲ್ಲೂ ಆ ಮಾತು ಬಂದರೆ ವಿಷಯ ಬದಲಾಗುತ್ತಿತ್ತು. ಹೈಸ್ಕೂಲಿಗೆ ಬಂದ ಮೇಲಷ್ಟೇ ಅಪ್ಪ ಹೇಳಿದ್ದು: ಅವರು ಎರಡನೇ ಮಹಾಯುದ್ಧಕ್ಕೆ ಹೋಗಿದ್ದರು, ಅಲ್ಲಿ ಸೆರೆಸಿಕ್ಕಿದ್ದರು. ಸರಿ ಅಂದೆ. ಪಿಯುಸಿ, ಸಿಇಟಿ, ಇಂಜಿನಿಯರಿಂಗ್, ಕೆಲಸ. ಮರೆತುಬಿಟ್ಟೆ.

ನೆನಪಾಗಿದ್ದು ನಿಡೋಣಿಯಲ್ಲಲ್ಲ, ಮಡಿಕೇರಿಯಲ್ಲಿ. ಆಗಸ್ಟಿನ ಲಾಂಗ್ ವೀಕೆಂಡಿಗೆ ಟೀಮಿನವರ ಜೊತೆ ಹೋಗಿದ್ದೆವು. ರಾಜಾಸೀಟಿನಲ್ಲಿ ಮಂಜು ಬಿಟ್ಟರೆ ಏನೂ ಕಾಣದ್ದರಿಂದ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ಗೆ ನುಗ್ಗಿದೆವು. ಅದು ಮ್ಯೂಸಿಯಂ ಆಗಿದ್ದು 2021ರಲ್ಲಿ. ಅದಕ್ಕೂ ಮುಂಚೆ ಬಹಳ ವರ್ಷ ಅಲ್ಲಿ ಆರ್‌ಟಿಒ ಆಫೀಸ್ ಇತ್ತಂತೆ! ಗೆಳೆಯರು ಹೊರಗಿನ ಯುದ್ಧಟ್ಯಾಂಕಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಮಳೆ ನಿಲ್ಲಲಿ ಅಂತ ಜಗಲಿಯಲ್ಲಿ ನಿಂತು ಫೋನಿನಲ್ಲಿ ತಿಮ್ಮಯ್ಯನವರ ಬಗ್ಗೆ ಓದತೊಡಗಿದೆ.

ಕೊರಿಯಾ ಯುದ್ಧ 1953ರ ಜುಲೈ 27ರಂದು ನಿಂತಾಗ ಒಂದು ದೊಡ್ಡ ಗಂಟು ಉಳಿದಿತ್ತು: ತಮ್ಮ ದೇಶಕ್ಕೆ ವಾಪಸು ಹೋಗಲು ಒಪ್ಪದ ಯುದ್ಧಕೈದಿಗಳು. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನ, ಚೀನೀಯರು ಮತ್ತು ಕೊರಿಯನ್ನರು. ಅದನ್ನು ಬಿಡಿಸಲು ನೇಮಿಸಿದ ಐದು ತಟಸ್ಥ ದೇಶಗಳ ಆಯೋಗಕ್ಕೆ ಅಧ್ಯಕ್ಷರು ನಮ್ಮ ಕೊಡಗಿನ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯ್ದದ್ದು ಭಾರತದ ಸೈನಿಕರು. ಕೊನೆಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಎಂದ 88 ಜನ ನಮ್ಮ ಸೈನ್ಯದ ಜೊತೆ ಹಡಗಿನಲ್ಲಿ ಭಾರತಕ್ಕೇ ಬಂದರು. ಇದೇ ತಿಮ್ಮಯ್ಯನವರ ಸ್ವಂತ ಅಣ್ಣ, ಸಿಂಗಾಪುರ ಜಪಾನಿಯರ ವಶವಾದ ಮೇಲೆ ಐಎನ್‌ಎ ಸೇರಿದ್ದವರು. ಸೆರೆ ಅಂದರೆ ಏನು ಅಂತ ಆ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಮಡಿಕೇರಿಯದೇ ಇನ್ನೊಂದು ಕಥೆ ನಿಮಗೂ ಗೊತ್ತಿರಬಹುದು. 1965ರ ಸೆಪ್ಟೆಂಬರ್ 22, ಯುದ್ಧದ ಕೊನೆಯ ಗಳಿಗೆ. ಕೆ.ಎಂ. ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ ಹಾರಿಸುತ್ತಿದ್ದ ಹಂಟರ್ ವಿಮಾನಕ್ಕೆ ಪಾಕಿಸ್ತಾನದಲ್ಲಿ ಗುಂಡು ಬಿತ್ತು, ಅವರು ಸೆರೆಯಾದರು. ಆಗಿನ ಪಾಕ್ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಟ್ಟುಕಳಿಸುತ್ತೇನೆ ಎಂದರೆ, ಅಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಅವನಿಗೊಬ್ಬನಿಗೆ ಬೇರೆ ಉಪಚಾರ ಬೇಡ ಎಂದು ಹೇಳಿಕಳಿಸಿದರಂತೆ ತಂದೆ. ವಾಟ್ಸಾಪಿನಲ್ಲಿ ಈ ಕಥೆ ವರ್ಷಕ್ಕೆರಡು ಸಲ ಬರುತ್ತದೆ, ತಂದೆಯ ದೊಡ್ಡತನದ ಕಥೆಯಾಗಿ. ಬೆನ್ನುಹುರಿಗೆ ಪೆಟ್ಟಾಗಿ ಬಿದ್ದಿದ್ದ 27 ವರ್ಷದ ಮಗ ಆ ತಿಂಗಳುಗಳನ್ನು ಹೇಗೆ ಕಳೆದಿರಬಹುದು ಅಂತ ಯಾವ ಫಾರ್ವರ್ಡಿನಲ್ಲೂ ಇರುವುದಿಲ್ಲ.

ಆ ಜಗಲಿಯಲ್ಲಿ ನಿಂತಾಗಲೇ ಜೇಲ್ ಮುತ್ಯಾ ನೆನಪಾದದ್ದು. ಜನರಲ್‌ಗಳ ಮನೆಯ ಸೆರೆಗೆ ಮ್ಯೂಸಿಯಂ ಇದೆ, ಕಥೆಗಳಿವೆ. ನಮ್ಮ ಮನೆಯ ಸೆರೆಗೆ ಒಂದು ಅಡ್ಡಹೆಸರು. ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. “ಟ್ರಂಕ್ ಇನ್ನೂ ಅಟ್ಟದ ಮ್ಯಾಲ ಐತಿ, ಬಂದಾಗ ನೋಡಿಯಂತ” ಅಂದ.

ಟ್ರಂಕಿನಲ್ಲಿ ಇದ್ದದ್ದು ಇಷ್ಟು: ಒಂದು ಹರಿದ ಉಣ್ಣೆ ಕಂಬಳಿ, ಅಕ್ಷರ ಅಳಿಸಿದ ಎರಡು ಕಾಗದ, ಆರು ಮೂಲೆಯ ಒಂದು ಹಿತ್ತಾಳೆ ಬಣ್ಣದ ನಕ್ಷತ್ರ. ನಡುವೆ ‘ಆಫ್ರಿಕಾ ಸ್ಟಾರ್’ ಅಂತಿದೆ. ಅಪ್ಪ ಮತ್ತು ಕಾಕಾ ಸಣ್ಣವರಿದ್ದಾಗ ಅದನ್ನು ಎತ್ತಿನ ಕೊರಳಿಗೆ ಕಟ್ಟಿ ಆಡಿದ್ದರಂತೆ.

ಆಯಿಗೆ ಈಗ ಎಂಬತ್ತರ ಮೇಲೆ. ಭಾವನ ಎದುರು ಅವಳು ಮಾತಾಡಿದ್ದೇ ಕಡಿಮೆ, ಆದರೆ ಎಲ್ಲಾ ನೋಡಿದ್ದಾಳೆ. “ಬಾಗಲಾ ಹಾಕ್ಕೊಂಡ ಒಂದ ದಿನಾನೂ ಮಲಗಲಿಲ್ಲ ನೋಡಪಾ. ಥಂಡ್ಯಾಗೂ ಹೊರಗ ಕಟ್ಟೀ ಮ್ಯಾಲ. ದಿಂಬಿನ ಬುಡಕ ಒಂದ ರೊಟ್ಟಿ ಅರಿವ್ಯಾಗ ಸುತ್ತಿ ಇಟ್ಕೊಳ್ಳಾವ್ರು. ಇಲಿ ಬರ್ತಾವ ಅಂತ ನಿಮ್ಮ ಮುತ್ಯಾ ಅಂದ್ರ ಕೇಳ್ತಿದ್ದಿಲ್ಲ.” ಹುಡುಗರು ಬಂದರೆ ರೊಟ್ಟಿಗೆ ‘ಪಾನೆ’ ಅನ್ನುತ್ತಿದ್ದರಂತೆ. ಅದು ರೊಟ್ಟಿಗೆ ಇಟಾಲಿಯನ್ ಶಬ್ದ. ಅವರು ಎಲ್ಲಿ ಸಿಕ್ಕಿಬಿದ್ದಿದ್ದು ಅಂತ ಕೇಳಿದೆ. “ತೊಬರಕ ಅಂತಿದ್ರು” ಅಂದಳು.

ತೊಬರಕ ಅಂದರೆ ಟೊಬ್ರುಕ್, ಲಿಬಿಯಾದ ಬಂದರು. ಊರವರು ‘ಬೆಳಗಾವಿ ಪಲ್ಟನ್’ ಅನ್ನುತ್ತಿದ್ದದ್ದು ಮರಾಠಾ ಲೈಟ್ ಇನ್‌ಫೆಂಟ್ರಿ, ಅದರ ಕೇಂದ್ರ ಇಂದಿಗೂ ಬೆಳಗಾವಿಯಲ್ಲೇ ಇದೆ. 1942ರ ಜೂನ್ 20ರಂದು ರೊಮೆಲ್‌ನ ಸೈನ್ಯ ಟೊಬ್ರುಕ್ ಕೋಟೆಯನ್ನು ಒಡೆದು ನುಗ್ಗಿದ್ದು ಇದೇ ರೆಜಿಮೆಂಟಿನ ಎರಡನೇ ಬೆಟಾಲಿಯನ್ ಕಾಯುತ್ತಿದ್ದ ಜಾಗದಲ್ಲಿ. ಮೊದಲು ಆಕಾಶದಿಂದ ಬಾಂಬ್, ಆಮೇಲೆ ಟ್ಯಾಂಕು. ಮರುದಿನ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಶರಣಾದರು. ಶರಣಾಗುವ ತೀರ್ಮಾನ ಮಾಡಿದ್ದು ಜನರಲ್. ನಿಡೋಣಿಯ ಸಿಪಾಯಿಯನ್ನು ಯಾರೂ ಕೇಳಿರಲಿಲ್ಲ.

ಯುರೋಪಿನ ಕ್ಯಾಂಪುಗಳಲ್ಲಿ ಆಗ ಸುಮಾರು 15,000 ಭಾರತೀಯ ಕೈದಿಗಳಿದ್ದರು. ಇಟಲಿಯಲ್ಲಿ ಭಾರತೀಯರ ದೊಡ್ಡ ಕ್ಯಾಂಪ್ ಇದ್ದದ್ದು ಅವೆಜ್ಜಾನೊ ಎಂಬಲ್ಲಿ, ಬೆಟ್ಟದ ಸೀಮೆ. ರೆಡ್ ಕ್ರಾಸ್‌ನವರು ಭಾರತೀಯರಿಗೆ ಅಂತಲೇ ಬೇರೆ ಪಾರ್ಸೆಲ್ ಕಳಿಸುತ್ತಿದ್ದರು: ಅಕ್ಕಿ, ಬೇಳೆ, ಹಿಟ್ಟು, ಮಸಾಲೆ ಪುಡಿ. ಅದು ಬಂದ ವಾರ ಬದುಕು, ಬಾರದ ವಾರ ಹಸಿವು. 1943ರ ಸೆಪ್ಟೆಂಬರಿನಲ್ಲಿ ಇಟಲಿ ಯುದ್ಧದಿಂದ ಹಿಂದೆ ಸರಿದಾಗ ಎಷ್ಟೋ ಕೈದಿಗಳು ಬೆಟ್ಟ ಹತ್ತಿದರು, ರೈತರ ಮನೆಗಳಲ್ಲಿ ಅಡಗಿದರು. ಉಳಿದವರನ್ನು ಜರ್ಮನ್ನರು ರೈಲಿಗೆ ತುಂಬಿ ಉತ್ತರಕ್ಕೆ ಒಯ್ದರು. ಫ್ರಾನ್ಸಿನ ಎಪಿನಾಲ್‌ನಲ್ಲಿದ್ದ ಕ್ಯಾಂಪಿನ ಮೇಲೆ 1944ರ ಮೇ 11ರಂದು ಅಮೆರಿಕದ ಬಾಂಬುಗಳೇ ಬಿದ್ದವು. ಅನೇಕ ಭಾರತೀಯರು ಅಲ್ಲೇ ಸತ್ತರು. ಒಡೆದ ಗೋಡೆಯಿಂದ ಹೊರಬಿದ್ದವರಲ್ಲಿ ಸುಮಾರು 500 ಜನ ಕಾಡುದಾರಿಯಲ್ಲಿ ನಡೆದು ಸ್ವಿಟ್ಜರ್ಲೆಂಡ್ ಸೇರಿದರು. ದಾರಿಯಲ್ಲಿ ಅನ್ನ ಹಾಕಿದ ಹಳ್ಳಿಗಳಲ್ಲಿ ಎಟೊಬೊನ್ ಒಂದು. ಅದೇ ಸೆಪ್ಟೆಂಬರಿನಲ್ಲಿ ಜರ್ಮನ್ನರು ಆ ಊರಿನ 39 ಗಂಡಸರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು.

ನಮ್ಮ ಮುತ್ಯಾ ಇಟಲಿಯ ಒಬ್ಬ ಮುದುಕಿಯ ಬಗ್ಗೆ ಹೇಳುತ್ತಿದ್ದರಂತೆ. ಹುಲ್ಲಿನ ಅಟ್ಟದಲ್ಲಿ ಎಂಟು ದಿನ ಇಟ್ಟುಕೊಂಡಿದ್ದಳು, ಒಂದು ದಿನವೂ ಹೆಸರು ಕೇಳಲಿಲ್ಲ. ಆಮೇಲೆ ಮತ್ತೆ ಸಿಕ್ಕಿಬಿದ್ದರು. ಊರಿಗೆ ಬಂದದ್ದು 1945ರ ಕೊನೆಗೆ.

ಬಂದ ಮೇಲೆ ಏನಾಯಿತು ಅಂತ ಕೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹೊಲದ ಬದುವಿನ ಜಗಳದಲ್ಲಿ ಒಮ್ಮೆ ಯಾರೋ ನಾಲ್ಕು ಜನರ ಮುಂದೆ, “ಜೇಲಿಗೆ ಹೋಗಿ ಬಂದಾಂವ, ನೀ ಏನ ನ್ಯಾಯ ಹೇಳ್ತಿ?” ಅಂದರಂತೆ. ಮುತ್ಯಾ ತಿರುಗಿ ಮಾತಾಡಲಿಲ್ಲ. ಆಮೇಲೆ ಪಂಚಾಯ್ತಿ ಕಟ್ಟೆಗೆ ಹೋಗಲೂ ಇಲ್ಲ. “ಯಾವ ಜೇಲು, ಯಾಕ ಅಂತ ಯಾರ ಕೇಳ್ಯಾರಪಾ ಅವ್ರಿಗೆ? ನಾವರ ಎಲ್ಲಿ ಕೇಳಿವಿ” ಅಂದಳು ಆಯಿ.

ನಮ್ಮ ನಾಡಿನಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಎಷ್ಟೋ ಊರಲ್ಲಿ ಗುಡಿ ಮುಂದೆ, ಹೊಲದ ದಂಡೆಗೆ ನಿಂತಿರುತ್ತವೆ. ಸಾಮಾನ್ಯವಾಗಿ ಮೂರು ಅಂಕಣ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವನ ಸನ್ನಿಧಿ. ಕಾಳಗದಲ್ಲಿ ಸಿಕ್ಕಿಬಿದ್ದು, ಮೂರು ವರ್ಷ ಹಸಿದು, ತಿರುಗಿ ಬಂದವನನ್ನು ಯಾವ ಅಂಕಣದಲ್ಲಿ ಕೆತ್ತುವುದು?

ಬೆಳಗಾವಿಯ ಇದೇ ರೆಜಿಮೆಂಟಿಗೆ ಇನ್ನೂ ಹಳೆಯ ಸೆರೆಯ ಲೆಕ್ಕವೂ ಇದೆ. ಇರಾಕಿನ ಕೂತ್ ಊರಲ್ಲಿ 147 ದಿನ ಮುತ್ತಿಗೆ ತಡೆದು 1916ರ ಏಪ್ರಿಲ್ 29ರಂದು ಶರಣಾದ ಸೈನ್ಯದಲ್ಲಿ ಮೂರು ಮರಾಠಾ ಪಲ್ಟನ್‌ಗಳಿದ್ದವು: 103, 110, 117. ಒಟ್ಟು ಸುಮಾರು 13,000 ಜನ ತುರ್ಕರಿಗೆ ಸೆರೆಯಾದರು, ಬಹುಪಾಲು ಭಾರತೀಯರು. ಮರುಭೂಮಿಯಲ್ಲಿ ನಡೆಸಿಕೊಂಡು ಹೋಗಿ ರೈಲು ಹಳಿ ಹಾಕುವ ಕೆಲಸಕ್ಕೆ ಹಚ್ಚಿದರು. ಸಾವಿರಾರು ಜನ ಬರಲೇ ಇಲ್ಲ. ಅವರ ಜನರಲ್ ಟೌನ್‌ಶೆಂಡ್ ಸಾಹೇಬರು ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಆರಾಮಾಗಿದ್ದರು, ಸೆರೆಯಲ್ಲಿದ್ದಾಗಲೇ ‘ಸರ್’ ಪದವಿಯೂ ಬಂತು. ಬಸ್ರಾದ ದೊಡ್ಡ ಸ್ಮಾರಕದ ಗೋಡೆಯಲ್ಲಿ ಭಾರತದ ಅಧಿಕಾರಿಗಳಿಗಷ್ಟೇ ಹೆಸರು ಕೆತ್ತಿದ್ದರು. ಸಿಪಾಯಿಗಳದು ಬರೀ ಸಂಖ್ಯೆ. ಆ ತಾರತಮ್ಯವನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಒಪ್ಪಿ ಕ್ಷಮೆ ಕೇಳಿದ್ದು 2021ರಲ್ಲಿ.

ವಾಪಸು ಬರುವ ದಿನ ವಿಜಯಪುರದಲ್ಲಿ ಬಸ್ಸಿಗೆ ಹೊತ್ತಿತ್ತು. ಅಪ್ಪ ಬೈಕಿನಲ್ಲಿ ಸಿಕಂದರ್ ಆದಿಲ್‌ಶಾಹಿಯ ಗೋರಿಗೆ ಕರೆದುಕೊಂಡು ಹೋದ. ನಾನು ಎಷ್ಟು ಸಲ ಗೋಳಗುಮ್ಮಟ ಹತ್ತಿದ್ದೇನೋ, ಇಲ್ಲಿಗೆ ಇದೇ ಮೊದಲು. ಕೊನೆಯ ಸುಲ್ತಾನ. 1686ರ ಸೆಪ್ಟೆಂಬರ್ 12ರಂದು ಔರಂಗಜೇಬನಿಗೆ ಕೋಟೆ ಒಪ್ಪಿಸಿದಾಗ ಇನ್ನೂ ಹದಿನೆಂಟರ ಹುಡುಗ. ಹದಿನಾಲ್ಕು ವರ್ಷ ಸೆರೆಯಲ್ಲೇ ಇದ್ದು 1700ರಲ್ಲಿ ತೀರಿಕೊಂಡ. ಗುಮ್ಮಟವಿಲ್ಲ, ಕೆತ್ತನೆಯಿಲ್ಲ, ಆಕಾಶದ ಕೆಳಗೊಂದು ಸಾದಾ ಗೋರಿ. ಇಬ್ಬರೂ ಚಪ್ಪಲಿ ಬಿಟ್ಟು ನಿಂತೆವು. ಅಪ್ಪ ಒಂದೇ ಮಾತು ಅಂದ: “ಇವಗರ ಒಂದ ಕಲ್ಲ ಐತಿ.”

ಸಂಕ್ರಾಂತಿ ಹೊತ್ತಿಗೆ ಅಪ್ಪ ಮನೆ ಕಟ್ಟೆ ರಿಪೇರಿ ತೆಗೆದ, ಮುತ್ಯಾ ಮಲಗುತ್ತಿದ್ದ ಅದೇ ಕಟ್ಟೆ. ಅದಕ್ಕೊಂದು ಸಣ್ಣ ಗ್ರಾನೈಟ್ ಕಲ್ಲು ಕೂಡಿಸುವುದೆಂದು ಮಾತಾಯಿತು. ಅಂಗಡಿಯ ಹುಡುಗ, “ಹುತಾತ್ಮ ಅಂತ ಹಾಕ್ಲೇನ್ರಿ?” ಅಂದ. ಇಲ್ಲಪ್ಪ, ತಿರುಗಿ ಬಂದಿದ್ದಾರೆ. ನಾನು ವಿಡಿಯೋ ಕಾಲ್‌ನಲ್ಲಿ ‘ಯುದ್ಧಕೈದಿ’ ಅಂತ ಹಾಕಿಸೋಣ ಅಂದೆ, ಸರಿಯಾದ ಶಬ್ದ ಅದೇ ತಾನೆ. ಆಯಿಗೆ ಸಿಟ್ಟು ಬಂತು. “ಬದಕಿದ್ದಾಗ ಅಂದಿದ್ದ ಸಾಲಲಿಲ್ಲೇನು? ಕಲ್ಲಿನ ಮ್ಯಾಲೂ ಕೈದಿ ಅಂತ ಬರಸ್ತೀರಿ?”

ಕೊನೆಗೆ ಮೂರು ಸಾಲು: ಅವರ ಹೆಸರು. ‘ಸಿಪಾಯಿ, ಬೆಳಗಾವಿ ಪಲ್ಟನ್’. ‘ಟೊಬ್ರುಕ್ 1942 – ನಿಡೋಣಿ 1945’. ಓದಿ ಹೇಳಿದಾಗ ಆಯಿ ಒಂದೇ ತಿದ್ದುಪಡಿ ಕೇಳಿದಳು: ಟೊಬ್ರುಕ್ ಅಲ್ಲ, ಅವರು ಹಾಗೆ ಅನ್ನುತ್ತಿರಲಿಲ್ಲ. ಹಣದ ಜೊತೆ ಚೀಟಿಯಲ್ಲಿ ಬರೆದು ಕೊಟ್ಟಿದ್ದಾನೆ ಅಪ್ಪ, ದೊಡ್ಡ ಅಕ್ಷರದಲ್ಲಿ: ತೊಬರಕ.