ಹೆರದೆ ತಾಯಾದವಳು: ಹೊಂಬುಜದ ಚಟ್ಟಲದೇವಿ

ಶಿವಮೊಗ್ಗದ ದುರ್ಗಿಗುಡಿಯಿಂದ ಹೊರಟು ರಿಪ್ಪನ್‌ಪೇಟೆಯ ದಾರಿಯಾಗಿ ಹೊಂಬುಜಕ್ಕೆ ಬರುವ ಶ್ರಾವಕ ಕುಟುಂಬಗಳು ಮೊದಲು ಅರಸುವುದು ಪದ್ಮಾವತಿ ಅಮ್ಮನವರ ಸನ್ನಿಧಿಯನ್ನು. ಪಂಚಕೂಟ ಬಸದಿಯವರೆಗೆ ಎಲ್ಲರೂ ನಡೆಯುವುದಿಲ್ಲ. ನಡೆದವರೂ ಅದರ ಮುಂದಿನ ಮಾನಸ್ತಂಭದ ಕೆತ್ತನೆಗೆ ಮನಸೋತು ಹಿಂದಿರುಗುವುದುಂಟು. ಆ ಬಸದಿಯನ್ನು ಕಟ್ಟಿಸಿದ ಹಿರಿಯ ಹೆಣ್ಣುಮಗಳ ಹೆಸರು ಕೇಳಿದರೆ ಹೇಳಬಲ್ಲವರು ವಿರಳ.

ಆಕೆ ಚಟ್ಟಲದೇವಿ. ಗಂಗವಂಶದ ರಕ್ಕಸಗಂಗನ ಮನೆಯಲ್ಲಿ ಹುಟ್ಟಿ, ಪಲ್ಲವ ಕುಲದ ಕಾಡುವೆಟ್ಟಿಯ ಕೈಹಿಡಿದವಳು. ತಂಗಿ ವೀರಲದೇವಿ ಹೊಂಬುಜದ ಸಾಂತರ ಅರಸನನ್ನು ವರಿಸಿ ನಾಲ್ವರು ಗಂಡುಮಕ್ಕಳನ್ನು ಹೆತ್ತಳು: ತೈಲ, ಗೊಗ್ಗಿಗ, ಒಡ್ಡುಗ, ಬರ್ಮ. ಆ ತಂಗಿ ತೀರಿಕೊಂಡಾಗ ಅಕ್ಕ ಮಕ್ಕಳನ್ನು ತನ್ನವರನ್ನಾಗಿ ಮಾಡಿಕೊಂಡಳು. ಇಷ್ಟನ್ನು ಹೇಳುವುದು ಜನಪದ ಕಥೆಯಲ್ಲ; ಶಕ 999ರ, ಅಂದರೆ 1077ರ ಹೊಂಬುಜದ ಶಾಸನ. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ 8ನೆಯ ಸಂಪುಟದಲ್ಲಿ ನಗರ ತಾಲ್ಲೂಕಿನ 35ನೆಯ ಶಾಸನವಾಗಿ ಅದು ಅಚ್ಚಾಗಿದೆ.

ಸಾಂತರರ ವಂಶವೃಕ್ಷವನ್ನು ಬರೆಯುವವರಿಗೆ ಚಟ್ಟಲದೇವಿ ಒಂದು ತೊಡಕು. ವಂಶವೃಕ್ಷದ ಗೆರೆಗಳು ಹೆತ್ತವರಿಂದ ಹುಟ್ಟಿದವರಿಗೆ ಇಳಿಯುತ್ತವೆ. ಸಾಕಿದವರಿಗೆ ಅಲ್ಲಿ ಗೆರೆಯಿಲ್ಲ. ಶಾಸನಕವಿಗೆ ಮಾತ್ರ ಈ ತೊಡಕು ಕಾಣಿಸಲಿಲ್ಲ. ಬಸದಿಯನ್ನು ಕಟ್ಟಿಸಿದವಳು ಈ ನಾಲ್ವರೊಡಗೂಡಿದ ಚಟ್ಟಲದೇವಿ ಎಂದೇ ಅವನು ನಿರೂಪಿಸುತ್ತಾನೆ. ಅವಳ ಮಾತೃತ್ವಕ್ಕೆ ಅವನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬಸದಿಗೆ ‘ಉರ್ವೀತಿಲಕ’ವೆಂದು ಹೆಸರು, ಭೂದೇವಿಯ ಹಣೆಯ ಬೊಟ್ಟು. ಅದು ನಿಂತದ್ದು ಗತಿಸಿದ ನಾಲ್ವರ ನೆನಪಿಗೆ: ತಂದೆ ಅರುಮುಳಿದೇವ, ತಾಯಿ ಗಾವಬ್ಬರಸಿ, ತಂಗಿ ವೀರಲದೇವಿ, ಸೋದರ ರಾಜಾದಿತ್ಯ. ಇಂಥ ಸ್ಮರಣೆಗೆ ಜೈನ ಶಾಸನಗಳು ಬಳಸುವ ಪದ ‘ಪರೋಕ್ಷವಿನಯ’. ವಿದ್ಯಾರ್ಥಿಗಳು ಇದನ್ನು ಶ್ರಾದ್ಧದ ಪರ್ಯಾಯವೆಂದು ಅರ್ಥ ಹೇಳಿ ಮುಂದೆ ಸಾಗುತ್ತಾರೆ, ಅದು ಸರಿಯಲ್ಲ. ಜೈನ ಸಿದ್ಧಾಂತದಂತೆ ದೇಹ ಬಿಟ್ಟ ಜೀವ ಕೆಲವೇ ಸಮಯಗಳಲ್ಲಿ ಮುಂದಿನ ಗತಿಯನ್ನು ಸೇರುತ್ತದೆ (‘ಸಮಯ’ವೆಂದರೆ ಕಾಲದ ಅತಿ ಸೂಕ್ಷ್ಮ ಅಂಶ). ಪಿಂಡಕ್ಕೆ ಕಾದು ಕುಳಿತ ಪಿತೃ ಅಲ್ಲಿಲ್ಲ. ಒಬ್ಬರು ಗಳಿಸಿದ ಪುಣ್ಯ ಇನ್ನೊಬ್ಬರ ಕರ್ಮವನ್ನು ಸವೆಸುವುದೂ ಇಲ್ಲ. ಕಣ್ಣೆದುರು ಇಲ್ಲದವರಿಗೆ ತೋರುವ ವಿನಯವಷ್ಟೇ ಉಳಿದವರ ಪಾಲಿನದು. ತಲುಪುವುದಿಲ್ಲವೆಂದು ತಿಳಿದೂ ಚಟ್ಟಲದೇವಿ ಅಷ್ಟು ದೊಡ್ಡ ಕಲ್ಲುಕಟ್ಟಡವನ್ನು ಎತ್ತಿಸಿದಳು. ಹೊಂಬುಜದ ಇತಿಹಾಸದಲ್ಲಿ ಇದಕ್ಕಿಂತ ಗಂಭೀರವಾದ ಶೋಕ ಮತ್ತೊಂದಿಲ್ಲವೆನ್ನಬೇಕು.

ಶೋಕ ಬಸದಿಯೊಂದರಲ್ಲೇ ನಿಲ್ಲಲಿಲ್ಲ. ಕೆರೆ, ಬಾವಿ, ಅರವಟ್ಟಿಗೆ, ಸತ್ರ, ತೋಪುಗಳನ್ನೂ ಶಾಸನ ಅವಳ ಲೆಕ್ಕಕ್ಕೆ ಬರೆಯುತ್ತದೆ. ದ್ರಾವಿಳ ಸಂಘದ ಅರುಂಗಳಾನ್ವಯದ ಶ್ರೀವಿಜಯ ಒಡೆಯದೇವರು ಅವಳ ಗುರುಗಳು.

ಅತ್ತಿಮಬ್ಬೆಯ ಹೆಸರು ಎಲ್ಲ ಸಾಹಿತ್ಯ ಚರಿತ್ರೆಗಳಲ್ಲಿಯೂ ಇದೆ. 993ರಲ್ಲಿ ‘ಅಜಿತಪುರಾಣ’ವನ್ನು ಬರೆದ ರನ್ನ ಅವಳನ್ನು ಕಾವ್ಯದೊಳಗೆ ಕೂರಿಸಿದ; 1007ರ ಲಕ್ಕುಂಡಿಯ ಶಾಸನವೂ ಜೊತೆಗಿದೆ. ಎಪ್ಪತ್ತು ವರ್ಷಗಳ ತರುವಾಯ ಬಂದ ಚಟ್ಟಲದೇವಿಗೆ ರನ್ನನಂಥ ಕವಿ ದೊರೆಯಲಿಲ್ಲ. ಕಾವ್ಯವನ್ನು ಹಿಡಿದು ಸಾಗುವ ಚರಿತ್ರೆಕಾರರ ಕಣ್ಣಿಗೆ ಕಲ್ಲಿನ ಮೇಲಿನ ಹೆಸರು ತಡವಾಗಿ ಬೀಳುತ್ತದೆ. ಶಾಸನಗಳನ್ನು ಸಾಹಿತ್ಯವೆಂದು ಓದುವ ಅಭ್ಯಾಸ ತರಗತಿಗಳಲ್ಲಿ ಇನ್ನೂ ಬೇರೂರಿಲ್ಲ.

ಸಾಂತರರ ಮನೆ ಅವಳನ್ನು ಬೇರೆ ಬಗೆಯಲ್ಲಿ ನೆನೆಯಿತು. 1077ರಿಂದ ಎಪ್ಪತ್ತು ವರ್ಷಗಳ ಮೇಲೆ, 1147ರಲ್ಲಿ, ಅದೇ ಮನೆತನದ ತೈಲನ ಮಗಳು ಪಂಪಾದೇವಿ, ಅವಳ ಮಗಳು ಬಾಚಲದೇವಿ ಮತ್ತು ವಿಕ್ರಮ ಸಾಂತರ ಒಟ್ಟುಗೂಡಿ ಉರ್ವೀತಿಲಕಕ್ಕೆ ಬಡಗಣ ಪಟ್ಟಸಾಲೆಯನ್ನು ಕಟ್ಟಿಸಿದರು.