ಘಟ್ಟದ ಗಾಡಿಗೆ ಪಂದ್ಯದ ಕನ್ವರ್ಟರು

ಅಣಶಿಯಿಂದ ಕದ್ರಾದ ಕಡೆಗಿಳಿಯುವ ಘಟ್ಟದ ದಾರಿಯು ವಾಹನದ ಗುಣದೋಷಗಳನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆಯುವಂಥದು. ಜೋಯಿಡಾದ ಕಡೆಯ ರೋಗಿಯನ್ನು ಕಾರವಾರಕ್ಕೊಯ್ಯುವುದಕ್ಕೂ ಇದೇ ಹಾದಿ. ಇಂತಹ ಹಾದಿಯ ಕಾರಿನಿಂದಲೇ ಕಾಲು ಮೈಲಿಯ, ಎಂದರೆ ಸುಮಾರು 402 ಮೀಟರಿನ, ನೇರೋಟದ ಪಂದ್ಯವನ್ನೂ ಗೆಲ್ಲಬೇಕೆಂದು ಟಾರ್ಕ್ ಕನ್ವರ್ಟರನ್ನು ಬದಲಿಸಲೆಳಸುವ ತರುಣನು ಕೊಂಚ ತಾಳತಕ್ಕದ್ದು.

ಜರ್ಮನಿಯ ಹರ್ಮನ್ ಫೊಟಿಂಗರನು 1905ರಲ್ಲಿ ಪೇಟೆಂಟು ಪಡೆದ ತತ್ತ್ವವಿದು. ಎಂಜಿನು ತಿರುಗಿಸುವ ಚಕ್ರವು ಎಣ್ಣೆಯನ್ನು ಚಿಮ್ಮಿಸಲು, ಆ ಎಣ್ಣೆಯ ರಭಸದಿಂದ ಎದುರಿನ ಚಕ್ರವು ತಿರುಗುತ್ತದೆ. ನಡುವಣ ಸ್ಟೇಟರು ಮರಳುವ ಎಣ್ಣೆಯ ದಿಕ್ಕನ್ನು ತಿದ್ದಿ ತಿರುಚುಬಲವನ್ನು ಹೆಚ್ಚಿಸುತ್ತದೆ. ಎದುರಿನ ಚಕ್ರವನ್ನು ತಡೆಹಿಡಿದಾಗ ಎಂಜಿನು ಮುಟ್ಟಬಲ್ಲ ಗರಿಷ್ಠ ವೇಗವೇ ಸ್ಟಾಲ್ ವೇಗ. ಹೊರಡುವಾಗಲೇ ಎಂಜಿನು ತನ್ನ ಪೂರ್ಣಬಲದ ಸಮೀಪದಲ್ಲಿರಲೆಂದು ಪಂದ್ಯದವರು ಇದನ್ನು ನಿಮಿಷಕ್ಕೆ 3,000 ಸುತ್ತುಗಳಿಗೂ ಮೇಲೆ ಬಯಸುವುದುಂಟು. ನೇರೋಟಕ್ಕೆ ಅದು ಸರಿಯೇ. ಆದರೆ ತಿರುವು ತಿರುವಿಗೂ ನಿಧಾನವಾಗಿ ಏರುವ ಗಾಡಿಯಲ್ಲಿ ಅದೇ ಕನ್ವರ್ಟರು ಜಾರಿ ಜಾರಿ, ಶಕ್ತಿಯ ಬಹುಭಾಗವು ಎಣ್ಣೆಯ ಕಾವಾಗಿ ಪರಿಣಮಿಸುತ್ತದೆ; ಅತಿಯಾಗಿ ಕಾದ ಎಣ್ಣೆಯು ಗೇರುಪೆಟ್ಟಿಗೆಯ ಕ್ಲಚ್ಚುಗಳನ್ನು ಕೆಡಿಸುತ್ತದೆ. ಪಂದ್ಯದ ಪದಕವನ್ನು ಕಂಡು ಎಣ್ಣೆ ತಣಿಯದಷ್ಟೆ! ಇಳಿಯುವಾಗಲೂ ಸಡಿಲ ಕನ್ವರ್ಟರಿನಿಂದ ಎಂಜಿನಿನ ತಡೆ ಕುಗ್ಗಿ, ಹೊರೆಯು ಬ್ರೇಕಿನ ಮೇಲೆ ಬೀಳುತ್ತದೆ.

ಆದುದರಿಂದ ಕಾರಿನ ತೂಕ, ಕೊನೆಯ ಗೇರಿನ ಪ್ರಮಾಣ, ಎಂಜಿನಿನ ಬಲವು ಹುಟ್ಟುವ ವೇಗ ಇವನ್ನೆಲ್ಲ ನೋಡಿ, ಘಟ್ಟದಲ್ಲಿ ಎಂಜಿನು ಸಾಮಾನ್ಯವಾಗಿ ತಿರುಗುವ ವೇಗಕ್ಕಿಂತ ಕೆಳಗಿನ ಸ್ಟಾಲ್ ವೇಗವುಳ್ಳದ್ದನ್ನೇ ಆರಿಸುವುದು ಲೇಸು. ಪಂದ್ಯದಲ್ಲಿ ಅರೆಕ್ಷಣ ಹಿಂದೆ ಬಿದ್ದರೆ ಬೀಳಲಿ. ಜಾರನ್ನೇ ಇಲ್ಲವಾಗಿಸುವ ಲಾಕಪ್ ಕ್ಲಚ್ಚಿದ್ದರೆ ಇನ್ನೂ ಒಳ್ಳೆಯದು. ಎಣ್ಣೆ ತಣಿಸುವ ಕೂಲರನ್ನಂತೂ ರೇಡಿಯೇಟರಿನ ಮುಂದೆ, ಗಾಳಿ ತಗಲುವಲ್ಲಿ, ಬೇರೆಯಾಗಿಯೇ ಕೂಡಿಸತಕ್ಕದ್ದು.